ಮೆಲುದನಿಯ ಸಂಗೀತವೂ ವಿನೈಲ್ ತಟ್ಟೆಯೂ

೧೯೭೫ನೆಯ ಇಸವಿಯ ಜನವರಿ ತಿಂಗಳಿನಲ್ಲಿ ಬ್ರಯನ್ ಈನೋ ಎಂಬ ಇಂಗ್ಲಿಷ್ ಸಂಗೀತಗಾರರು ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಗೆಳತಿಯೊಬ್ಬಳು ಹದಿನೆಂಟನೆಯ ಶತಮಾನದ ಹಾರ್ಪ್ ವಾದ್ಯದ ಒಂದು ಧ್ವನಿಮುದ್ರಿಕೆಯನ್ನು ತಂದುಕೊಟ್ಟು ಹೋದಳು. ಈನೋ ಬಹಳ ಕಷ್ಟಪಟ್ಟು ಎದ್ದು ಅದನ್ನು ಯಂತ್ರಕ್ಕೆ ಹಾಕಿ ಬಂದು ಮಲಗಿದರು. ಮಲಗಿದ ಮೇಲೆ ತಿಳಿಯಿತು: ಧ್ವನಿಯನ್ನು ತೀರ ತಗ್ಗಿಸಲಾಗಿದೆ, ಎರಡು ಧ್ವನಿವಾಹಿನಿಗಳಲ್ಲಿ ಒಂದು ಕೆಟ್ಟು ಸುಮ್ಮನಾಗಿದೆ. ಮತ್ತೆ ಏಳುವ ಶಕ್ತಿ ಅವರಿಗಿರಲಿಲ್ಲ. ಹೊರಗೆ ಸುರಿಯುತ್ತಿದ್ದ ಮಳೆಯ ಸದ್ದಿನೊಡನೆ ತಂತಿಯ ನಾದವು ಕೇಳಿಯೂ ಕೇಳಿಸದಂತೆ ಬೆರೆಯುತ್ತಿತ್ತು. ಸಂಗೀತವು ಕೋಣೆಯ ಬೆಳಕಿನಂತೆ ಸುತ್ತಣ ವಾತಾವರಣದ ಒಂದು ಅಂಗವಾಗಿಯೂ ಇರಬಹುದೆಂಬ ಯೋಚನೆ ಅವರಿಗೆ ಆಗ ಹೊಳೆಯಿತು. ಇಂತಹ ಸಂಗೀತಕ್ಕೆ ಮುಂದೆ ‘ಆಂಬಿಯೆಂಟ್’ ಎಂಬ ಹೆಸರನ್ನು ರೂಢಿಗೆ ತಂದವರು ಅವರೇ. ನಾವು ಇದನ್ನು ‘ಪರಿಸರ ಸಂಗೀತ’ವೆನ್ನಬಹುದು. ಗಮನವಿಟ್ಟು ಕೇಳಿದವರಿಗೆ ಅದು ಸುಖವನ್ನು ಕೊಡಬೇಕು, ಗಮನವಿಡದವರನ್ನು ಕಾಡಬಾರದು.

ಈ ಸಂಗೀತದ ಒಂದು ಹೆಸರಾಂತ ಧ್ವನಿಮುದ್ರಿಕೆಯು ೧೯೮೦ರಲ್ಲಿ ಹೊರಬಂದು, ಮೂವತ್ತನಾಲ್ಕು ವರ್ಷಗಳ ಅನಂತರ, ೨೦೧೪ರಲ್ಲಿ, ಮತ್ತೆ ವಿನೈಲ್ ತಟ್ಟೆಯ ರೂಪದಲ್ಲಿ ಪ್ರಕಟವಾಯಿತು. ‘ಫೋರ್ತ್ ವರ್ಲ್ಡ್, ವಾಲ್ಯೂಮ್ ೧: ಪಾಸಿಬಲ್ ಮ್ಯೂಸಿಕ್ಸ್’ ಎಂಬುದು ಅದರ ಹೆಸರು. ‘ನಾಲ್ಕನೆಯ ಜಗತ್ತು: ಸಾಧ್ಯ ಸಂಗೀತಗಳು’ ಎಂದು ಅದನ್ನು ಕನ್ನಡಿಸಬಹುದು. ಕೇಳಿಯೂ ಕೇಳಿಸದ ಸಂಗೀತವನ್ನು, ತಾನೇ ಸರಸರ ಸದ್ದು ಮಾಡುವ ಒಂದು ತಟ್ಟೆಯ ಮೇಲೆ ಕೊರೆದಿಡುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಧ್ವನಿವಿಜ್ಞಾನದ ಹಲವು ತತ್ತ್ವಗಳು ನಮಗೆ ದಾರಿಯಲ್ಲಿ ಎದುರಾಗುವುವು.

ಇಬ್ಬರು ಕಲಾವಿದರು

ಈ ಮುದ್ರಿಕೆಯ ಮೇಲೆ ಎರಡು ಹೆಸರುಗಳಿವೆ. ಒಂದು ಈನೋ ಅವರದು. ಮತ್ತೊಂದು, ಮೊದಲನೆಯದು, ಅಮೆರಿಕದ ಜಾನ್ ಹ್ಯಾಸೆಲ್ ಅವರದು. ಹ್ಯಾಸೆಲ್ ೧೯೩೭ರಲ್ಲಿ ಮೆಂಫಿಸ್ ನಗರದಲ್ಲಿ ಹುಟ್ಟಿದರು, ೨೦೨೧ರಲ್ಲಿ ತೀರಿಕೊಂಡರು. ಅವರ ವಾದ್ಯ ಟ್ರಂಪೆಟ್ ಎಂಬ ಹಿತ್ತಾಳೆಯ ತುತ್ತೂರಿ. ಜರ್ಮನಿಯ ಕೊಲೋನಿನಲ್ಲಿ ಸ್ಟಾಕ್‌ಹೌಸೆನ್ನರಿಂದ ವಿದ್ಯುತ್ಸಂಗೀತದ ಪಾಠವನ್ನು ಕಲಿತು ಬಂದ ಅವರು, ೧೯೭೦ರ ದಶಕದ ಆರಂಭದಲ್ಲಿ ಭಾರತದ ಗವಾಯಿ ಪಂಡಿತ ಪ್ರಾಣನಾಥರ ಶಿಷ್ಯರಾದರು.

ಈ ಶಿಷ್ಯತ್ವದಲ್ಲಿ ಕನ್ನಡಿಗರಿಗೂ ಒಂದು ಸಂಬಂಧವುಂಟು. ಪ್ರಾಣನಾಥರು ಕಿರಾಣಾ ಘರಾಣೆಯವರು. ಅಬ್ದುಲ್ ವಹೀದ್ ಖಾನರ ಶಿಷ್ಯರು. ವಹೀದ್ ಖಾನರ ದಾಯಾದಿಯೂ ಅದೇ ಘರಾಣೆಯ ಮಹಾಪುರುಷರೂ ಆದ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳು. ಸವಾಯಿ ಗಂಧರ್ವರ ಶಿಷ್ಯರಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೂ ಗದಗಿನ ಭೀಮಸೇನ ಜೋಶಿಯವರೂ ಸೇರಿದವರು. ಹೀಗೆ ಒಂದೇ ಮೂಲದ ಒಂದು ಕವಲು ಧಾರವಾಡದ ಸೀಮೆಗೆ ಹರಿದರೆ ಮತ್ತೊಂದು ನ್ಯೂಯಾರ್ಕನ್ನು ಮುಟ್ಟಿತು. ಕರೀಂ ಖಾನರು ತೀರಿಕೊಂಡ ೧೯೩೭ನೆಯ ಇಸವಿಯೇ ಹ್ಯಾಸೆಲ್ಲರು ಹುಟ್ಟಿದ ಇಸವಿಯೂ ಆಗಿರುವುದು ಕೇವಲ ಕಾಕತಾಳೀಯವಾದರೂ ನೆನಪಿಡಲು ಅನುಕೂಲವಾಗಿದೆ.

ಹ್ಯಾಸೆಲ್ಲರ ೧೯೭೭ರ ಮುದ್ರಿಕೆಯೊಂದನ್ನು ಕೇಳಿ ಮೆಚ್ಚಿದ ಈನೋ ಅವರನ್ನು ನ್ಯೂಯಾರ್ಕಿನಲ್ಲಿ ಕಂಡರು. ಅವರಿಬ್ಬರ ಕೂಡುಕೆಲಸಕ್ಕೆ ಬ್ರೆಜಿಲ್ ದೇಶದ ನಾನಾ ವಾಸ್ಕೊನ್ಸೆಲೋಸ್ ಮೊದಲಾದ ತಾಳವಾದ್ಯಗಾರರು ಜೊತೆಗೂಡಿದರು. ಅವರು ನುಡಿಸಿದ ವಾದ್ಯಗಳಲ್ಲಿ ನಮ್ಮ ಕಚೇರಿಗಳಿಗೆ ಚಿರಪರಿಚಿತವಾದ ಘಟವೂ ಒಂದು. ಪ್ರಪಂಚದ ಪುರಾತನ ಸಂಗೀತಗಳ ಲಕ್ಷಣಗಳನ್ನು ಹೊಸ ವಿದ್ಯುದುಪಕರಣಗಳೊಡನೆ ಬೆಸೆದು, ಯಾವ ಭೂಪಟದಲ್ಲಿಯೂ ಇಲ್ಲದ ಒಂದು ನಾಡಿನ ಸಂಗೀತವನ್ನು ಕಲ್ಪಿಸುವುದು ಹ್ಯಾಸೆಲ್ಲರ ಗುರಿ. ‘ನಾಲ್ಕನೆಯ ಜಗತ್ತು’ ಎಂದರೆ ಇದೇ. ಆದರೂ ಒಂದು ರಚನೆಯ ಹೆಸರಿನಲ್ಲಿ ಉತ್ತರ ಅಕ್ಷಾಂಶ ೧೪ ಡಿಗ್ರಿ ೧೬ ಮಿನಿಟು, ಪೂರ್ವ ರೇಖಾಂಶ ೩೨ ಡಿಗ್ರಿ ೨೮ ಮಿನಿಟು ಎಂಬ ಗುರುತು ಇದೆ. ವಾಚಕರು ಅಟ್ಲಾಸನ್ನು ತೆರೆದು ನೋಡಿದರೆ ಅದು ಸುಡಾನ್ ದೇಶದಲ್ಲಿ, ಖಾರ್ಟೂಮ್ ನಗರಕ್ಕೆ ದಕ್ಷಿಣದಲ್ಲಿರುವುದು ಕಾಣುವುದು.

ತುತ್ತೂರಿಯಿಂದ ಮೀಂಡು

ಟ್ರಂಪೆಟ್ಟಿನಲ್ಲಿ ಮೀಂಡನ್ನು ತೆಗೆಯುವುದು ಏಕೆ ಕಷ್ಟವೆಂಬುದನ್ನು ವಿಚಾರಿಸೋಣ. ತುಟಿಗಳು ಅದುರಿದಾಗ ಕೊಳವೆಯೊಳಗಣ ಗಾಳಿಯ ಕಂಬವು ಕಂಪಿಸುವುದು. ಆದರೆ ಅದು ಎಲ್ಲ ಕಂಪನಸಂಖ್ಯೆಗಳನ್ನೂ ಸಮನಾಗಿ ಒಪ್ಪುವುದಿಲ್ಲ. ಒಂದು ಮೂಲಸಂಖ್ಯೆಯ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಹೀಗೆ ಪೂರ್ಣಾಂಕಗಳಿಂದ ಗುಣಿಸಿ ಬಂದ ಸ್ವರಗಳು ಮಾತ್ರ ಸುಲಭವಾಗಿ ನಿಲ್ಲುವುವು. ನಡುವಣ ಸ್ವರಗಳಿಗಾಗಿ ಮೂರು ಗುಂಡಿಗಳಿವೆ. ಅವುಗಳನ್ನು ಒತ್ತಿದಾಗ ಕೊಳವೆಯ ಉದ್ದ ಹೆಚ್ಚಿ ಸ್ವರ ಇಳಿಯುವುದು. ಅಂದರೆ ಈ ವಾದ್ಯವು ಮೆಟ್ಟಿಲುಗಳ ಮೇಲೆ ನಡೆಯುವುದೇ ಹೊರತು ಇಳಿಜಾರಿನಲ್ಲಿ ಜಾರುವುದಿಲ್ಲ. ನಮ್ಮ ಗಾಯನದಲ್ಲಿಯಾದರೋ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿಯೇ ರಾಗದ ಪ್ರಾಣವಿರುವುದು. ಹ್ಯಾಸೆಲ್ಲರು ಗುರುವಿನ ಕಂಠವನ್ನು ಅನುಸರಿಸುತ್ತ, ಶಂಖವನ್ನು ಊದುವವರಂತೆ ತುಟಿಗಳ ಬಿಗಿತದಿಂದಲೇ ಸ್ವರವನ್ನು ಬಾಗಿಸುವುದನ್ನು ವರ್ಷಗಟ್ಟಲೆ ಸಾಧನೆ ಮಾಡಿದರು. ಇದರಿಂದ ಅವರ ತುತ್ತೂರಿಯ ಧ್ವನಿಯಲ್ಲಿ ಅರ್ಧಪಾಲು ನಾದ, ಅರ್ಧಪಾಲು ಉಸಿರು ಕೇಳಿಸುವುದು.

ಇದರ ಮೇಲೆ ಅವರು ‘ಹಾರ್ಮನೈಸರ್’ ಎಂಬ ಉಪಕರಣವನ್ನು ಬಳಸಿದರು. ಈವೆಂಟೈಡ್ ಎಂಬ ಅಮೆರಿಕದ ಸಂಸ್ಥೆ ಇದನ್ನು ೧೯೭೦ರ ದಶಕದ ನಡುವಿನಲ್ಲಿ ಮಾರುಕಟ್ಟೆಗೆ ತಂದಿತು. ಇದು ಒಳಬಂದ ಸ್ವರಕ್ಕೆ ಜೊತೆಯಾಗಿ ಬೇರೊಂದು ಎತ್ತರದ ಸ್ವರವನ್ನು ಕೂಡಲೇ ಹುಟ್ಟಿಸುವುದು. ಷಡ್ಜದ ಕಂಪನಸಂಖ್ಯೆ ಸೆಕೆಂಡಿಗೆ ೨೪೦ ಆಗಿದ್ದರೆ ಪಂಚಮದ ಸಂಖ್ಯೆ ಅದರ ಒಂದೂವರೆಯಷ್ಟು, ಅಂದರೆ ೩೬೦, ಆಗಬೇಕಷ್ಟೆ. ಯಂತ್ರವು ಇದನ್ನು ಸಾಧಿಸುವ ಬಗೆಯನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಒಂದು ದುಂಡನೆಯ ಹಾದಿಯಲ್ಲಿ ಒಬ್ಬನು ನಡೆಯುತ್ತ ನೆಲದ ಮೇಲೆ ಗುರುತುಗಳನ್ನು ಬರೆಯುತ್ತಿರುವನು. ಇನ್ನೊಬ್ಬನು ಅವನ ಹಿಂದೆ ಒಂದೂವರೆಪಟ್ಟು ವೇಗದಲ್ಲಿ ಓದುತ್ತ ಬರುವನು. ಓದುವವನಿಗೆ ಗುರುತುಗಳು ಒಂದೂವರೆಪಟ್ಟು ಬೇಗಬೇಗನೆ ಸಿಕ್ಕುವುದರಿಂದ ಸ್ವರವೇರುವುದು. ಆದರೆ ಅವನು ಬರೆಯುವವನನ್ನು ಮುಟ್ಟಿಬಿಟ್ಟರೆ ಓದಲು ಏನೂ ಇರದು. ಆದುದರಿಂದ ಆಗಾಗ ಹಿಂದಕ್ಕೆ ಹಾರಿ, ಓದಿದ ತುಣುಕನ್ನೇ ಮತ್ತೊಮ್ಮೆ ಓದುವನು. ಈ ಎಲ್ಲ ಕೆಲಸವೂ ಸೆಕೆಂಡಿನ ಸಣ್ಣ ಸಣ್ಣ ಅಂಶಗಳಲ್ಲಿ ನಡೆಯುವುದು. ಹಾರುವ ಸಂಧಿಗಳಲ್ಲಿ ಸ್ವಲ್ಪ ನಡುಕ ಉಳಿಯುವುದುಂಟು. ಅದೂ ಆ ಧ್ವನಿಯ ಬಣ್ಣದಲ್ಲಿ ಸೇರಿಹೋಗುವುದು. ಹೀಗೆ ಒಬ್ಬರೇ ಊದಿದರೂ ಮೇಳವೊಂದು ಒಟ್ಟಾಗಿ ಮೀಂಡೆಳೆದಂತೆ ಭಾಸವಾಗುವುದು.

ಅರಗಿನಿಂದ ವಿನೈಲಿಗೆ

ಈಗ ತಟ್ಟೆಯ ವಿಚಾರಕ್ಕೆ ಬರೋಣ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಗ್ರಾಮಾಫೋನ್ ತಟ್ಟೆಗಳು ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದುವು. ಅವುಗಳ ಮುಖ್ಯ ದ್ರವ್ಯವೆಂದರೆ ಕಲ್ಲಿನ ಪುಡಿಯೊಡನೆ ಬೆರೆಸಿದ ಅರಗು. ಅರಗಿನ ಹುಳುವನ್ನು ಸಾಕಿ ಆ ರಾಳವನ್ನು ಜಗತ್ತಿಗೆ ಒದಗಿಸುತ್ತಿದ್ದುದು ಬಹುಮಟ್ಟಿಗೆ ಭಾರತವೇ. ಆದರೆ ಅಂತಹ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರೇ ನಿಮಿಷಗಳ ಸಂಗೀತ. ಅಬ್ದುಲ್ ಕರೀಂ ಖಾನರ ಗಾಯನ ನಮಗೆ ಉಳಿದಿರುವುದು ಇಂತಹ ತಟ್ಟೆಗಳಿಂದಲೇ. ಗಂಟೆಗಟ್ಟಲೆ ಹಾಡಬಲ್ಲವರು ಮೂರು ನಿಮಿಷಗಳಲ್ಲಿ ರಾಗದ ಚಿತ್ರವನ್ನು ಬಿಡಿಸಬೇಕಾಗಿತ್ತು.

೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ದೀರ್ಘವಾದನದ ತಟ್ಟೆಯನ್ನು ಹೊರತಂದಿತು. ಇದು ನಿಮಿಷಕ್ಕೆ ೩೩ ೧/೩ ಸುತ್ತು ತಿರುಗುವುದು. ವಿನೈಲ್ ಅರಗಿಗಿಂತ ನಯವಾದುದರಿಂದ ಗೀರನ್ನು ಹೆಚ್ಚು ಸಣ್ಣದಾಗಿ ಕೊರೆಯುವುದು ಸಾಧ್ಯವಾಯಿತು. ತಟ್ಟೆಯ ಸ್ವಂತ ಸದ್ದೂ ತಗ್ಗಿತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಸಂಗೀತ ಹಿಡಿಸಿತು. ಹ್ಯಾಸೆಲ್-ಈನೋ ಮುದ್ರಿಕೆಯ ಎರಡನೆಯ ಮಗ್ಗುಲನ್ನು ಸುಮಾರು ೨೧ ನಿಮಿಷಗಳ ಒಂದೇ ರಚನೆ ತುಂಬಿರುವುದು. ಉಪಕರಣವು ಬದಲಾದುದರಿಂದ ಕಲೆಯ ಆಕಾರವೂ ಬದಲಾಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ಗೀರಿನ ಲೆಕ್ಕ

ಆ ೨೧ ನಿಮಿಷಗಳ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದು. ನಿಮಿಷಕ್ಕೆ ೩೩ ೧/೩ ಸುತ್ತಿನಂತೆ ೨೧ ನಿಮಿಷಕ್ಕೆ ೭೦೦ ಸುತ್ತುಗಳು. ಗೀರು ಮಧ್ಯಬಿಂದುವಿನಿಂದ ಸುಮಾರು ೧೪.೬ ಸೆಂಟಿಮೀಟರು ದೂರದಲ್ಲಿ ಆರಂಭವಾಗಿ ಸುಮಾರು ೬ ಸೆಂಟಿಮೀಟರು ದೂರದಲ್ಲಿ ಮುಗಿಯುವುದೆನ್ನೋಣ. ಸರಾಸರಿ ತ್ರಿಜ್ಯ ೧೦.೩ ಸೆಂಟಿಮೀಟರು, ಒಂದು ಸುತ್ತಿನ ಸರಾಸರಿ ಉದ್ದ ಸುಮಾರು ೬೫ ಸೆಂಟಿಮೀಟರು. ಇದನ್ನು ೭೦೦ರಿಂದ ಗುಣಿಸಿದರೆ ಒಂದು ಮಗ್ಗುಲಿನ ಗೀರಿನ ಒಟ್ಟು ಉದ್ದ ೪೫೦ ಮೀಟರಿಗೆ ಮೇಲಾಗುವುದು! ಅಗಲದಲ್ಲಿ ಈ ೭೦೦ ಸುತ್ತುಗಳಿಗೆ ಇರುವ ಸ್ಥಳ ೮೬ ಮಿಲಿಮೀಟರು ಮಾತ್ರ. ಆದುದರಿಂದ ಒಂದು ಗೀರಿನ ನಡುವಿನಿಂದ ಮುಂದಿನ ಗೀರಿನ ನಡುವಿಗೆ ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ಅಂತರ.

ಈ ಅಂತರದಲ್ಲಿಯೇ ಗೀರು ಅತ್ತಿತ್ತ ತೊನೆಯಬೇಕು. ದೊಡ್ಡ ಧ್ವನಿಗೆ ದೊಡ್ಡ ತೊನೆತ. ತೊನೆತ ಮಿತಿಮೀರಿದರೆ ಪಕ್ಕದ ಗೀರಿಗೆ ತಗಲುವುದು. ಮೆಲುದನಿಯ ಸಂಗೀತಕ್ಕೆ ಇಲ್ಲಿ ಒಂದು ಅನುಕೂಲವುಂಟು. ತೊನೆತ ಕಡಮೆಯಾದುದರಿಂದ ಗೀರುಗಳನ್ನು ಒತ್ತಾಗಿ ಇಡಬಹುದು. ಮಗ್ಗುಲು ಹೆಚ್ಚು ಕಾಲ ನಡೆಯುವುದು. ಆದರೆ ಬೆಲೆ ತೆರದೆ ಬರುವ ಅನುಕೂಲವಿಲ್ಲ. ಧ್ವನಿ ಮೆಲ್ಲಗಾದಷ್ಟೂ ತಟ್ಟೆಯ ಸರಸರ ಶಬ್ದ, ಧೂಳಿನ ಚಿಟಪಟ ಇವೆಲ್ಲವೂ ಎದ್ದು ಕೇಳುವುವು.

ಇನ್ನೊಂದು ತೊಡಕು ಒಳಸುತ್ತುಗಳಲ್ಲಿರುವುದು. ಬಾಚಣಿಗೆಯ ಹಲ್ಲುಗಳ ಮೇಲೆ ಉಗುರನ್ನು ಮೆಲ್ಲಗೂ ಬೇಗನೆಯೂ ಎಳೆದು ನೋಡಿರಿ. ವೇಗ ಹೆಚ್ಚಿದರೆ ಸ್ವರವೇರುವುದು. ಎರಡು ವೇಗಗಳಲ್ಲಿಯೂ ಒಂದೇ ಸ್ವರ ಬರಬೇಕಾದರೆ ನಿಧಾನದ ಕಡೆ ಹಲ್ಲುಗಳನ್ನು ಹೆಚ್ಚು ಒತ್ತಾಗಿ ಇಡಬೇಕು. ತಟ್ಟೆಯ ಹೊರಸುತ್ತಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ೫೧ ಸೆಂಟಿಮೀಟರು ವೇಗದಲ್ಲಿ ಸಾಗಿದರೆ, ಒಳಸುತ್ತಿನಲ್ಲಿ ೨೧ ಸೆಂಟಿಮೀಟರು ಮಾತ್ರ. ಸೆಕೆಂಡಿಗೆ ೧೦,೦೦೦ ಕಂಪನಗಳುಳ್ಳ ತಾರಧ್ವನಿಯ ಒಂದೊಂದು ಅಲೆಗೆ ಹೊರಗಡೆ ಮಿಲಿಮೀಟರಿನ ೧೦೦೦ದಲ್ಲಿ ೫೧ ಭಾಗ ಸ್ಥಳವಿದ್ದರೆ ಒಳಗಡೆ ೨೧ ಭಾಗ. ಸಾಮಾನ್ಯ ಮುಳ್ಳಿನ ದುಂಡುತುದಿಯ ತ್ರಿಜ್ಯವೇ ಸುಮಾರು ೧೮ ಭಾಗಗಳಿರುವಾಗ ಅದು ಅಷ್ಟು ಇಕ್ಕಟ್ಟಾದ ಅಲೆಯೊಳಗೆ ಇಳಿಯುವುದೆಂತು? ಆದುದರಿಂದ ತೀಕ್ಷ್ಣ ಸ್ವರಗಳು ಒಳಗೆ ಹೋದಂತೆ ಮಂಕಾಗುವುವು. ಮಗ್ಗುಲಿನ ಕೊನೆಗೆ ಮೃದುವಾದ ಸಂಗೀತವನ್ನು ಇಡುವ ವಾಡಿಕೆಗೆ ಇದೇ ಕಾರಣ.

ತಗ್ಗಿಸಿ ಕೊರೆ, ಹೆಚ್ಚಿಸಿ ಕೇಳು

ಮಂದ್ರಸ್ವರಗಳ ತೊಡಕು ಬೇರೆ ಬಗೆಯದು. ಕೊರೆಯುವ ಮುಳ್ಳಿನ ಚಲನೆಯ ವೇಗ ಸಮನಾಗಿದ್ದರೆ, ಕಂಪನಸಂಖ್ಯೆ ಕಡಮೆಯಾದಷ್ಟೂ ತೊನೆತ ದೊಡ್ಡದಾಗುವುದು. ೧೦೦೦ ಕಂಪನಗಳ ಸ್ವರಕ್ಕಿಂತ ೫೦ ಕಂಪನಗಳ ಸ್ವರದ ತೊನೆತ ಇಪ್ಪತ್ತರಷ್ಟು. ಹಾಗೆಯೇ ಬಿಟ್ಟರೆ ಗೀರುಗಳು ಒಂದರೊಳಗೊಂದು ನುಗ್ಗುವುವು. ಇದಕ್ಕೆ ೧೯೫೪ರಲ್ಲಿ ಅಮೆರಿಕದ ಧ್ವನಿಮುದ್ರಣೋದ್ಯಮದ ಸಂಘವು ಒಂದು ಏಕರೂಪ ನಿಯಮವನ್ನು ಗೊತ್ತುಮಾಡಿತು. ಕೊರೆಯುವಾಗ ೧೦೦೦ ಕಂಪನಗಳ ಸ್ವರವನ್ನು ಅಳತೆಗೋಲಾಗಿಟ್ಟುಕೊಂಡು, ೨೦ ಕಂಪನಗಳ ಮಂದ್ರವನ್ನು ಸುಮಾರು ಹತ್ತನೆಯ ಒಂದು ಭಾಗಕ್ಕೆ ತಗ್ಗಿಸಬೇಕು; ೨೦,೦೦೦ ಕಂಪನಗಳ ತಾರವನ್ನು ಸುಮಾರು ಹತ್ತುಪಟ್ಟು ಹಿಗ್ಗಿಸಬೇಕು. ನುಡಿಸುವಾಗ ಧ್ವನಿವರ್ಧಕವು ಇದನ್ನು ತಿರುವುಮುರುವು ಮಾಡಿ ಸಮತೋಲವನ್ನು ಮರಳಿಸುವುದು. ತಾರಧ್ವನಿಯನ್ನು ಕುಗ್ಗಿಸುವಾಗ ಅದರೊಡನೆ ತಟ್ಟೆಯ ಸರಸರ ಶಬ್ದವೂ ಕುಗ್ಗುವುದು. ಉಸಿರಿನ ಸದ್ದನ್ನೇ ಸಂಗೀತವಾಗಿಸಿಕೊಂಡ ಹ್ಯಾಸೆಲ್ಲರಂತಹವರ ಮುದ್ರಿಕೆಗೆ ಈ ಉಪಾಯವು ಪ್ರಾಣಪ್ರದವೆನ್ನಬಹುದು. ಇಲ್ಲವಾದರೆ ತುತ್ತೂರಿಯ ಉಸಿರು ಯಾವುದು, ಪ್ಲಾಸ್ಟಿಕ್ಕಿನ ಉಸಿರು ಯಾವುದು ಎಂದು ತಿಳಿಯುವುದೇ ಕಷ್ಟವಾಗುತ್ತಿತ್ತು.

ಮರುಮುದ್ರಣದ ಕೆಲಸ

ಹಳೆಯ ಪುಸ್ತಕವನ್ನು ಮತ್ತೆ ಅಚ್ಚುಹಾಕಿಸುವುದಕ್ಕಿಂತ ಹಳೆಯ ಧ್ವನಿಮುದ್ರಿಕೆಯನ್ನು ಮತ್ತೆ ಹೊರತರುವುದು ಕಷ್ಟದ ಕೆಲಸ. ಮೂಲವು ಇರುವುದು ಕಾಂತಪಟ್ಟಿಯ ಮೇಲೆ, ಎಂದರೆ ಟೇಪಿನ ಮೇಲೆ. ೧೯೭೦-೮೦ರ ದಶಕಗಳಲ್ಲಿ ತಯಾರಾದ ಹಲವು ಬಗೆಯ ಟೇಪುಗಳಲ್ಲಿ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುವುದು. ಅದನ್ನು ಹಾಗೆಯೇ ಓಡಿಸಿದರೆ ಪುಡಿಯೊಡನೆ ಸಂಗೀತವೂ ಕಿತ್ತುಬರುವುದು. ಆಗ ಟೇಪನ್ನು ಸುಮಾರು ೫೦ರಿಂದ ೫೫ ಸೆಂಟಿಗ್ರೇಡ್ ಡಿಗ್ರಿ ಶಾಖದಲ್ಲಿ ಹಲವು ಗಂಟೆಗಳ ಕಾಲ ಹದವಾಗಿ ಕಾಯಿಸಿ, ತೇವವನ್ನು ಓಡಿಸಿ, ದೊರೆತ ಅಲ್ಪಾವಕಾಶದಲ್ಲಿ ಪ್ರತಿಯನ್ನು ತೆಗೆದುಕೊಳ್ಳುವರು.

ಅನಂತರ ಅಲ್ಯುಮಿನಿಯಂ ತಟ್ಟೆಗೆ ಮೆರುಗೆಣ್ಣೆಯ ಲೇಪವನ್ನು ಕೊಟ್ಟು, ಬಿಸಿಮಾಡಿದ ರತ್ನದ ಮುಳ್ಳಿನಿಂದ ಅದರ ಮೇಲೆ ಗೀರನ್ನು ಕೊರೆಯುವರು. ಗೀರಿನ ಎರಡು ಗೋಡೆಗಳು ಒಂದಕ್ಕೊಂದು ಲಂಬವಾಗಿದ್ದು, ಒಂದರಲ್ಲಿ ಎಡಗಡೆಯ ಧ್ವನಿಯೂ ಇನ್ನೊಂದರಲ್ಲಿ ಬಲಗಡೆಯ ಧ್ವನಿಯೂ ಅಡಗಿರುವುವು. ಮೆರುಗೆಣ್ಣೆ ವಿದ್ಯುದ್ವಾಹಕವಲ್ಲದ ಕಾರಣ ಮೊದಲು ಬೆಳ್ಳಿಯ ತೆಳುಪೊರೆಯನ್ನು ಹಿಡಿಸಿ, ಆಮೇಲೆ ವಿದ್ಯುಲ್ಲೇಪನದಿಂದ ನಿಕ್ಕಲನ್ನು ಬೆಳೆಸುವರು. ಬಿಡಿಸಿದಾಗ ಗೀರಿನ ಬದಲು ದಿಣ್ಣೆಗಳುಳ್ಳ ತಲೆಕೆಳಗಾದ ಪ್ರತಿ ದೊರೆಯುವುದು, ಇದು ‘ತಂದೆ’. ಇದರಿಂದ ಗೀರುಳ್ಳ ‘ತಾಯಿ’. ತಾಯಿಯಿಂದ ಮತ್ತೆ ದಿಣ್ಣೆಗಳುಳ್ಳ ಒತ್ತಚ್ಚು. ಎರಡು ಒತ್ತಚ್ಚುಗಳ ನಡುವೆ ಮೆತ್ತಗಾದ ವಿನೈಲ್ ಮುದ್ದೆಯನ್ನಿಟ್ಟು ಉಗಿಯ ಶಾಖದಲ್ಲಿ ಭಾರಿ ಒತ್ತಡದಿಂದ ಅಮುಕಿ, ನೀರಿನಿಂದ ತಣಿಸಿದರೆ ತಟ್ಟೆ ಸಿದ್ಧವಾಗುವುದು.

ಈ ಸರಪಣಿಯ ಕೊಂಡಿಗಳು ಎಷ್ಟು ಕೆಲವೆಂಬುದು ೨೦೨೦ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದಿತು. ಕೊರೆಯುವುದಕ್ಕೆ ಬೇಕಾದ ಮೆರುಗೆಣ್ಣೆ ತಟ್ಟೆಗಳನ್ನು ಆಗ ಜಗತ್ತಿಗೆ ಒದಗಿಸುತ್ತಿದ್ದುದು ಎರಡೇ ಕಾರ್ಖಾನೆಗಳು: ಒಂದು ಜಪಾನಿನಲ್ಲಿ, ಮತ್ತೊಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಕ್ಯಾಲಿಫೋರ್ನಿಯದ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಮೆರುಗೆಣ್ಣೆಯ ಹಂಗಿಲ್ಲದೆ ತಾಮ್ರದ ಮೇಲೆ ನೇರವಾಗಿ ಕೊರೆಯುವ ಇನ್ನೊಂದು ವಿಧಾನವೂ ಇರುವುದರಿಂದ ಕೆಲಸ ನಿಲ್ಲಲಿಲ್ಲ. ಬೇಡಿಕೆಯೂ ತಗ್ಗಲಿಲ್ಲ. ೨೦೨೨ರಲ್ಲಿ ಅಮೆರಿಕದಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ ೧೯೮೭ರಿಂದೀಚೆಗೆ ಮೊದಲ ಬಾರಿಗೆ ಸಿ.ಡಿ.ಗಳ ಸಂಖ್ಯೆಯನ್ನು ಮೀರಿತು.

ವಿನೈಲ್ ಮೇಲೋ?

ಹಾಗಾದರೆ ವಿನೈಲಿನ ಧ್ವನಿಯೇ ಶ್ರೇಷ್ಠವೇ? ವಿಜ್ಞಾನದ ವಿದ್ಯಾರ್ಥಿಯು ಇಲ್ಲಿ ಅಭಿಮಾನವನ್ನು ಬದಿಗಿಟ್ಟು ಅಳತೆಯನ್ನು ನೋಡಬೇಕು. ಒಳ್ಳೆಯ ವಿನೈಲ್ ತಟ್ಟೆಯಲ್ಲಿ ಅತಿ ಮೆಲ್ಲನೆಯ ಧ್ವನಿಗೂ ಅತಿ ದೊಡ್ಡ ಧ್ವನಿಗೂ ಇರುವ ಅಂತರ ೬೦ರಿಂದ ೭೦ ಡೆಸಿಬೆಲ್, ಸಿ.ಡಿ.ಯಲ್ಲಿ ೯೬. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ೨೦ಕ್ಕೆ ಕಂಪನದ ವಿಸ್ತಾರ ಹತ್ತುಪಟ್ಟು ಹೆಚ್ಚುವುದು. ಆದುದರಿಂದ ಇದು ಅಲ್ಪ ವ್ಯತ್ಯಾಸವಲ್ಲ. ಮೇಲಾಗಿ ಪ್ರತಿ ಬಾರಿ ನುಡಿಸಿದಾಗಲೂ ಮುಳ್ಳು ಗೀರನ್ನು ಸ್ವಲ್ಪ ಸವೆಯಿಸುವುದು. ನಿಷ್ಠೆಯಿಂದ ಪ್ರತಿಮಾಡುವುದರಲ್ಲಿ ಅಂಕೀಯ ವಿಧಾನವೇ ಮೇಲೆಂಬುದರಲ್ಲಿ ಸಂದೇಹವಿಲ್ಲ.

ಆದರೂ ಜನರು ತಟ್ಟೆಯನ್ನು ಕೊಳ್ಳುವರು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಮಗ್ಗುಲನ್ನು ತಿರುವಿಹಾಕಬೇಕಾದ ತಟ್ಟೆಯು ಕೇಳುವವನನ್ನು ಒಂದು ಕಡೆ ಕುಳ್ಳಿರಿಸುವುದು. ಹಿನ್ನೆಲೆಯಲ್ಲಿ ಸದಾ ಹರಿಯಲೆಂದು ಹುಟ್ಟಿದ ಸಂಗೀತವು ಹೀಗೆ ಗಮನವನ್ನು ಬೇಡುವ ತಟ್ಟೆಯ ಮೇಲೆ ಮರಳಿ ಬಂದಿರುವುದು ಒಂದು ವಿನೋದವೇ ಸರಿ. ಎದ್ದು ಸರಿಪಡಿಸಲಾರದೆ ಮಲಗಿ ಕೇಳಿದ ಈನೋರವರ ಅನುಭವದಿಂದ ಹೊರಟ ಸಂಗೀತಕ್ಕೆ ಎದ್ದು ಹೋಗಿ ಮುಳ್ಳನ್ನು ಇಡುವವನೊಬ್ಬನು ಬೇಕಾಗಿದ್ದಾನೆ.

ಕೊನೆಯದಾಗಿ ಮರುಮುದ್ರಣದ ಇನ್ನೊಂದು ಪ್ರಯೋಜನವನ್ನು ಹೇಳಬೇಕು. ಕೂಡಿ ಮಾಡಿದ ಕೃತಿಯಲ್ಲಿ ಹೆಚ್ಚು ಪ್ರಸಿದ್ಧರ ಹೆಸರು ಇನ್ನೊಬ್ಬರ ಹೆಸರನ್ನು ಮರೆಮಾಡುವುದುಂಟು. ಅಂಗಡಿಗಳಲ್ಲಿ ಈ ಮುದ್ರಿಕೆಯು ಈನೋ ಅವರ ಕೃತಿಗಳ ಸಾಲಿಗೆ ಸೇರುತ್ತಿದ್ದುದು ಹ್ಯಾಸೆಲ್ಲರಿಗೆ ನೋವನ್ನುಂಟುಮಾಡಿತ್ತು. ಅದು ಮತ್ತೆ ಹೊರಬಂದಾಗ ಹೊಸ ತಲೆಮಾರಿನವರು ತುತ್ತೂರಿಯೂದಿದವರು ಯಾರೆಂದು ಕೇಳಿದರು. ಹ್ಯಾಸೆಲ್ಲರಾದರೋ ತಮ್ಮ ಮೀಂಡಿನ ಋಣ ಪ್ರಾಣನಾಥರದೆಂದು ಸದಾ ಹೇಳುತ್ತಿದ್ದರು. ಪ್ರಾಣನಾಥರ ಹಿಂದೆ ವಹೀದ್ ಖಾನರಿದ್ದಾರೆ. ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ದಾಟಿಬಂದ ಒಂದು ಸ್ವರದ ಬಾಗು, ಹಿತ್ತಾಳೆಯ ಕೊಳವೆಯನ್ನೂ ವಿದ್ಯುದ್ಯಂತ್ರವನ್ನೂ ಹಾದು, ಮಿಲಿಮೀಟರಿನ ಎಂಟನೆಯ ಒಂದು ಭಾಗದ ಇಕ್ಕಟ್ಟಿನಲ್ಲಿ ೪೫೦ ಮೀಟರು ಉದ್ದಕ್ಕೆ ಮಲಗಿದೆ. ಮುಂದೆ ನೀವು ಭೀಮಸೇನ ಜೋಶಿಯವರ ವಿಲಂಬಿತದ ಒಂದು ಷಡ್ಜವನ್ನು ಕೇಳುವಾಗ, ಸ್ವರಕ್ಕಿಂತ ಹೆಚ್ಚಾಗಿ ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯನ್ನು ಆಲಿಸಿರಿ. ದೂರದೇಶದ ಒಬ್ಬ ತುತ್ತೂರಿಗಾರನು ವರ್ಷಗಟ್ಟಲೆ ಬೆನ್ನುಹತ್ತಿ ಹೋದುದು ಆ ದಾರಿಯನ್ನೇ.